ಮಳೆಯೂರಿನಲ್ಲಿ ಕಾಗದದ ಚೀಲ

ನಮ್ಮ ಮೂಡಿಗೆರೆ ಕಡೆ ಮಳೆ ಹಿಡಿಯಿತೆಂದರೆ ಬೀರುವಿನೊಳಗಿನ ರೇಷ್ಮೆ ಸೀರೆಗೂ ಬೂಷ್ಟು ಬರುತ್ತದೆ. ಇಂಥ ಊರಿನಲ್ಲಿ ಕಾಗದದ ಚೀಲಗಳನ್ನು ಕೂಡಿಟ್ಟು ಬಳಸುತ್ತೇನೆ ಎಂದರೆ ಯಾರೂ ಸುಲಭವಾಗಿ ನಂಬುವುದಿಲ್ಲ. ಆರು ವರ್ಷಗಳಿಂದ ಬಳಸುತ್ತಿದ್ದೇನೆ. ಕೆಟ್ಟದ್ದೂ ಉಂಟು, ಒದಗಿದ್ದೂ ಉಂಟು.

2016ರ ಮಾರ್ಚ್‌ನಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದ ಮೇಲೆ ಬಟ್ಟೆ ಅಂಗಡಿ, ಬೇಕರಿ, ಔಷಧಿ ಅಂಗಡಿಗಳಿಂದ ಖಾಕಿ ಚೀಲಗಳು ಮನೆಗೆ ಬರತೊಡಗಿದವು. ಮೊದಮೊದಲು ಬಚ್ಚಲ ಒಲೆಗೆ ಹಾಕುತ್ತಿದ್ದೆ. ಅಷ್ಟು ಗಟ್ಟಿ ಕಾಗದ ಒಂದೇ ದಿನಕ್ಕೆ ಬೂದಿಯಾಗುವುದು ನೋಡಿ ಹೊಟ್ಟೆ ಉರಿಯುತ್ತಿತ್ತು. ಈಗ ಚೀಲ ಬಂದ ದಿನವೇ ಒಂದು ಮೂಲೆಯನ್ನು ಹರಿದು ನೋಡುತ್ತೇನೆ. ಹರಿದ ಅಂಚಿನಲ್ಲಿ ನಾರು ಕಂಡರೆ ಅದು ಬರೀ ಕಾಗದ, ತೋಟಕ್ಕೂ ಆಗುತ್ತದೆ. ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಎಳೆದುಕೊಂಡು ಬಂದರೆ ಅದನ್ನು ಮಣ್ಣಿಗೆ ಸೇರಿಸುವುದಿಲ್ಲ. ಹೊಳೆಯುವ ಚೀಲಗಳು ಬಹುಪಾಲು ಈ ಜಾತಿಯವೇ. ಅವುಗಳಲ್ಲಿ ಹೊಲಿಗೆಯ ಬಟ್ಟೆ ಚೂರುಗಳನ್ನು ತುಂಬಿಡುತ್ತೇನೆ.

ಮೊದಲ ಪಾಠ ಕಲಿಸಿದ್ದು ಬೀಜ. ಹೀರೆ, ಬೆಂಡೆ, ಬೀನ್ಸ್ ಬೀಜಗಳನ್ನು ಕಾಗದದ ಪೊಟ್ಟಣಗಳಲ್ಲಿ ಕಟ್ಟಿ ಬೀರುವಿನಲ್ಲಿಟ್ಟಿದ್ದೆ. ಗೌರಿ ಹಬ್ಬದ ಹೊತ್ತಿಗೆ ತೆಗೆದು ನೋಡಿದರೆ ಹೀರೆಯ ಮೇಲೆ ಬಿಳಿ ಬೂಷ್ಟು, ಬೀನ್ಸ್ ಬೀಜ ಮೆತ್ತಗಾಗಿತ್ತು. ಅತ್ತೆಯವರು ಪೊಟ್ಟಣವನ್ನು ಕೈಯಲ್ಲಿ ಹಿಸುಕಿ ನೋಡಿ, "ಕಾಗದವೂ ನೀರು ಕುಡಿಯುತ್ತದೆ ಕಣಮ್ಮ, ಮಳೆಗೆ ಮುಂಚೆ ಬೂದಿಯ ಜೊತೆ ಇಡಬೇಕಿತ್ತು" ಎಂದರು. ಅವರ ಆ ಮಾತಿನಿಂದ ನನ್ನ ಕ್ರಮವೇ ಬದಲಾಯಿತು. ಕಾಗದ ಉಸಿರಾಡುತ್ತದೆ. ಒಣ ಹವೆಯಲ್ಲಿ ಬೀಜದ ತೇವವನ್ನು ಹೊರಗೆ ಬಿಡುತ್ತದೆ, ಮಳೆಯಲ್ಲಿ ಹೊರಗಿನ ತೇವವನ್ನು ಬೀಜಕ್ಕೆ ತಲುಪಿಸುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಬೀಜ ಒಣಗಿಸುವ ಕೆಲಸ ಮಾತ್ರ ಅದಕ್ಕೆ, ಮಳೆಗಾಲದಲ್ಲಿ ಕಾಯುವ ಕೆಲಸ ಡಬ್ಬಿಗೆ.

ಜನವರಿ, ಫೆಬ್ರವರಿಯಲ್ಲಿ ಬೀಜಗಳನ್ನು ನೆರಳಿನಲ್ಲಿ ಆರಿಸಿ, ಚೀಲಕ್ಕೆ ಹಾಕಿ, ಬಾಯಿಯನ್ನು ಸಡಿಲವಾಗಿ ಮಡಚಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಹರಿವೆ, ಕೊತ್ತಂಬರಿ, ಚೆಂಡು ಹೂವಿನ ಒಣಗಿದ ತೆನೆ ಮತ್ತು ತಲೆಗಳನ್ನು ಚೀಲದೊಳಗೆ ತಲೆಕೆಳಗಾಗಿ ಇಳಿಬಿಟ್ಟು ಬಾಯಿ ಕಟ್ಟಿ ತೂಗು ಹಾಕುತ್ತೇನೆ. ಆಮೇಲೆ ಚೀಲವನ್ನು ಎರಡು ಸಲ ತಟ್ಟಿದರೆ ಬೀಜ ತಳಕ್ಕೆ ಇಳಿಯುತ್ತದೆ. ಒಂದು ಕಾಳೂ ನೆಲದ ಪಾಲಾಗುವುದಿಲ್ಲ. ಮೃಗಶಿರ ಮಳೆಗೆ ಮುಂಚೆ, ಜೂನ್ ಮೊದಲ ವಾರದಲ್ಲಿ, ಸ್ಟೀಲ್ ಡಬ್ಬಿಯ ತಳಕ್ಕೆ ಎರಡು ಬೆರಳು ದಪ್ಪ ಒಣ ಬೂದಿ ಹಾಸಿ ಪೊಟ್ಟಣಗಳನ್ನೆಲ್ಲ ಅದರಲ್ಲಿ ಜೋಡಿಸಿ ಮುಚ್ಚಳ ಬಿಗಿಯುತ್ತೇನೆ. ಬಿಸಿಲು ಕಂಡ ದಿನವಲ್ಲದೆ ತೆರೆಯುವುದಿಲ್ಲ. ಅತ್ತೆಯವರಿಗೆ ಓದು ಬರುವುದಿಲ್ಲ. ಅದಕ್ಕೆ ಪ್ರತಿ ಪೊಟ್ಟಣದ ಹೊರಗೆ ಅದರದೇ ಒಂದು ಬೀಜವನ್ನು ಅಂಟಿಸುತ್ತೇನೆ. ಮೈದಾ ಗಂಜಿಯ ಅಂಟು ಸಾಕು. ಹಿಂದಿನವರು ಹುಳ ತಿನ್ನದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಬೆರೆಸುತ್ತಿದ್ದರು. ಗಿಡಗಳ ಬೂಷ್ಟು ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದದ್ದು ನಮ್ಮ ಮನೆಯಲ್ಲೂ ಇರುತ್ತದೆ, ಆದರೆ ಅದು ವಿಷ. ತಿನ್ನುವ ಪದಾರ್ಥ ಅಥವಾ ಮಕ್ಕಳ ಕೈ ತಾಗುವ ಯಾವುದಕ್ಕೂ ನಾನು ಅದನ್ನು ಹಾಕುವುದಿಲ್ಲ.

ಸಸಿ ಮಾಡುವುದಕ್ಕೂ ಖಾಕಿ ಕಾಗದ ಚೆನ್ನ. ಸೌತೆ, ಹೀರೆ, ಬೀನ್ಸ್ ಗಿಡಗಳಿಗೆ ಬೇರು ಕದಲಿದರೆ ಆಗುವುದಿಲ್ಲ. ಕಾಗದದ ತೊಟ್ಟಿಯಾದರೆ ತೊಟ್ಟಿಯ ಸಮೇತ ನೆಡಬಹುದು. ಚೀಲವನ್ನು ಪಟ್ಟಿಯಾಗಿ ಕತ್ತರಿಸಿ ಲೋಟಕ್ಕೆ ಎರಡು ಸುತ್ತು ಸುತ್ತಿ ತಳ ಮಡಚಿದರೆ ತೊಟ್ಟಿ ಸಿದ್ಧ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಹಳೆಯ ಸಗಣಿ ಗೊಬ್ಬರ, ಒಂದು ಪಾಲು ಚೆನ್ನಾಗಿ ಕೊಳೆತ ಕಾಫಿ ಸಿಪ್ಪೆ ಬೆರೆಸಿ ತುಂಬಿ, ಟೊಮೆಟೊ ಕ್ರೇಟಿನಲ್ಲಿ ಒತ್ತೊತ್ತಾಗಿ ನಿಲ್ಲಿಸುತ್ತೇನೆ. ಬಿಡಿಬಿಡಿಯಾಗಿ ಇಟ್ಟರೆ ನೀರು ಕುಡಿದ ಕಾಗದ ಒಡೆದು ಮಣ್ಣು ಚೆಲ್ಲುತ್ತದೆ.

ಮೊದಲ ಸಲ ಮೇ ತಿಂಗಳಲ್ಲಿ ಇಪ್ಪತ್ತು ಸೌತೆ ಸಸಿ ನೆಟ್ಟೆ, ಆರು ಒಣಗಿದವು. ದಿನವೂ ನೀರು ಹಾಕಿದ್ದೆ, ಹಾಗಾದರೆ ಏಕೆ? ಸತ್ತದ್ದನ್ನು ಕಿತ್ತು ನೋಡಿದಾಗ ಗೊತ್ತಾಯಿತು. ತೊಟ್ಟಿಯ ಅಂಚು ಮಣ್ಣಿನ ಮೇಲೆ ಒಂದು ಬೆರಳು ಎದ್ದು ನಿಂತಿತ್ತು. ದೀಪದ ಬತ್ತಿ ಎಣ್ಣೆ ಎಳೆಯುವಂತೆ ಅದು ಒಳಗಿನ ತೇವವನ್ನು ಎಳೆದು ಬಿಸಿಲಿಗೆ ಕೊಟ್ಟಿತ್ತು. ಅಂದಿನಿಂದ ಮೇಲಂಚು ಹರಿದು, ತಳ ಸೀಳಿ, ಪೂರ್ತಿ ಮಣ್ಣಿನೊಳಗೆ ಮುಚ್ಚಿ ನೆಡುತ್ತೇನೆ. ಎರಡು ಮೂರು ವಾರದೊಳಗೆ ನೆಲ ಸೇರುವ ತರಕಾರಿಗೆ ಮಾತ್ರ ಇದು. ತಿಂಗಳುಗಟ್ಟಲೆ ನರ್ಸರಿಯಲ್ಲಿರುವ ಕಾಫಿ ಸಸಿಗೆ ಪ್ರಯತ್ನಿಸಿದೆ, ಬೇರು ಹಿಡಿಯುವ ಮೊದಲೇ ತೊಟ್ಟಿ ಕರಗಿಹೋಯಿತು.

ಕಳೆ ತಡೆಯಲು ತರಕಾರಿ ಪಾತಿಗಳ ನಡುವೆ ಬಿಚ್ಚಿದ ಚೀಲಗಳನ್ನು ಎರಡು ಪದರವಾಗಿ, ಒಂದರ ಮೇಲೊಂದು ಅರ್ಧ ಗೇಣು ಏರುವಂತೆ ಹಾಸಿ, ನೆನೆಸಿ, ಮೇಲೆ ಸಿಲ್ವರ್ ಓಕ್ ತರಗೆಲೆ ಹೊದಿಸುತ್ತೇನೆ. ಫೆಬ್ರವರಿಯಲ್ಲಿ ಹಾಸಿದಾಗ ಗೆದ್ದಲು ಮುತ್ತಿತು. ಜೂನ್ ಮಳೆ ಬಿದ್ದ ಮೇಲೆ ಹಾಸಿದರೆ ಆ ಕಾಟವಿಲ್ಲ, ಆದರೆ ಅಡಿಯಲ್ಲಿ ಬಸವನಹುಳುಗಳು ಸೇರುತ್ತವೆ. ಬೆಳಿಗ್ಗೆ ಅಂಚೆತ್ತಿ ಹೆಕ್ಕಿ ತೆಗೆಯುತ್ತೇನೆ. ಗರಿಕೆಯನ್ನು ಮಾತ್ರ ಇದು ತಡೆಯುವುದಿಲ್ಲ, ಚುಚ್ಚಿಕೊಂಡು ಮೇಲೆ ಬರುತ್ತದೆ.

ಅಡುಗೆಮನೆಯಲ್ಲಿ ಚೀಲಗಳಿಗೆ ಸಣ್ಣ ಸಣ್ಣ ಕೆಲಸ. ತೋಟದ ಬೆಣ್ಣೆಹಣ್ಣು ಕಾಯಾಗಿದ್ದರೆ ಒಂದು ಕಳಿತ ಬಾಳೆಹಣ್ಣಿನ ಜೊತೆ ಚೀಲಕ್ಕೆ ಹಾಕಿ ಬಾಯಿ ಮಡಚಿಡುತ್ತೇನೆ. ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲ ಒಳಗೇ ಉಳಿದು ಮೂರು ನಾಲ್ಕು ದಿನಗಳಲ್ಲಿ ಹಣ್ಣಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೆವತು ತೊಟ್ಟಿನ ಬಳಿ ಕೊಳೆಯುತ್ತದೆ. ಗುಡುಗಿದಾಗ ಏಳುವ ಅಣಬೆಯೂ ಕಾಗದದಲ್ಲಾದರೆ ಲೋಳೆಯಾಗದೆ ಮರುದಿನದವರೆಗೆ ಇರುತ್ತದೆ. ಮಕ್ಕಳ ಶಾಲಾ ಪುಸ್ತಕಗಳಿಗೆ ಚೀಲದ ಒಳಮೈಯನ್ನು ಹೊರಗೆ ಮಾಡಿ ಹೊದಿಕೆ ಹಾಕುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟದ್ದು ಹಿತ್ತಲಿನ ಸೀಬೆ ಮರ. ಹಣ್ಣುನೊಣ ಸಿಪ್ಪೆಯ ಕೆಳಗೆ ಮೊಟ್ಟೆಯಿಟ್ಟು, ಕಚ್ಚಿದರೆ ಹುಳ ಎನ್ನುವಂತಾಗಿತ್ತು. ಕಾಯಿ ನಿಂಬೆಹಣ್ಣಿನ ಗಾತ್ರಕ್ಕೆ ಬಂದಾಗ ಔಷಧಿ ಅಂಗಡಿಯ ಸಣ್ಣ ಚೀಲ ತೊಡಿಸಿ, ತೊಟ್ಟಿನ ಬಳಿ ಬಾಳೆನಾರಿನಿಂದ ಕಟ್ಟಿ, ಇಬ್ಬನಿ ನೀರು ಇಳಿಯಲೆಂದು ಕೆಳಗಿನ ಮೂಲೆ ಕತ್ತರಿಸಿದೆ. ಚಳಿಗಾಲದ ಫಸಲಿಗೆ ಇದು ತುಂಬಾ ಚೆನ್ನಾಗಿ ಒದಗಿತು. ಸಿಪ್ಪೆ ನುಣುಪಾಗಿ, ತಿಳಿ ಹಳದಿಯಾಗಿ, ಒಂದು ಚುಕ್ಕೆಯೂ ಇಲ್ಲದ ಹಣ್ಣುಗಳು. ಹಣ್ಣುನೊಣ ಹೆಚ್ಚಿರುವುದು ಮಳೆಗಾಲದ ಫಸಲಿನಲ್ಲಿ, ಆಗಲೇ ಕಾಗದ ತೊಯ್ದು ಉದುರುತ್ತದೆ. ಆ ಫಸಲಿಗೆ ಹಳೆಯ ಸೊಳ್ಳೆಪರದೆಯನ್ನು ಕತ್ತರಿಸಿ ಚೀಲ ಹೊಲಿದಿದ್ದೇನೆ. ಈ ವರ್ಷ ಅರ್ಧ ಮರಕ್ಕೆ ಪರದೆ ಕಟ್ಟಾಗಿದೆ. ಖಾಕಿ ಚೀಲಗಳು ಅಟ್ಟದ ಮೇಲೆ ಒಣಗುತ್ತ ನವೆಂಬರ್ ಕಾಯುತ್ತಿವೆ.