ನನ್ನ ಪ್ರಬಂಧಗಳ ಉಲ್ಲೇಖಗಳನ್ನು ನಾನು ಓದಿದ ಬಗೆ

ಬಡ್ತಿಯ ಅರ್ಜಿಯೊಂದಿಗೆ ಪ್ರಕಟಣೆಗಳ ಪಟ್ಟಿಯನ್ನೂ ಅವುಗಳಿಗೆ ದೊರೆತ ಉಲ್ಲೇಖಗಳ (ಎಂದರೆ ಇತರ ಪ್ರಬಂಧಗಳು ಅವನ್ನು ಹೆಸರಿಸಿದ್ದರ) ವಿವರವನ್ನೂ ಸಲ್ಲಿಸಬೇಕಾಗಿ ಬಂತು. ಯೀಸ್ಟ್ ಜೀವಕೋಶದಲ್ಲಿ ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಸುವ ಸೂಚನೆಯನ್ನು ಒಯ್ಯುವ ಅಣು) ಹೇಗೆ ನಾಶವಾಗುತ್ತದೆ ಎಂಬುದನ್ನು ಅಧ್ಯಯನ ಮಾಡುವ ನಾನು, ಪ್ರಯೋಗದ ದತ್ತಾಂಶವನ್ನು ನೋಡುವಷ್ಟೇ ಎಚ್ಚರದಿಂದ ಈ ವಿವರವನ್ನೂ ನೋಡಬೇಕೆಂದು ನಿರ್ಧರಿಸಿದೆ.

ಮೊದಲು ಬಗೆಹರಿಯಬೇಕಿದ್ದುದು ಹೆಸರಿನ ಪ್ರಶ್ನೆ. ಹಳೆ ಮೈಸೂರು ಕಡೆಯ ಅನೇಕರಂತೆ ನನಗೂ ಮನೆತನದ ಹೆಸರಿಲ್ಲ. ಊರಿನ ಮತ್ತು ತಂದೆಯ ಹೆಸರಿನ ಇನಿಷಿಯಲ್‌ಗಳಷ್ಟೇ ಇವೆ. ಕೆಲವು ಜರ್ನಲ್‌ಗಳು ಇನಿಷಿಯಲ್‌ಗಳನ್ನು ಹಾಗೆಯೇ ಉಳಿಸಿದ್ದರೆ, ಮತ್ತೆ ಕೆಲವು ತಂದೆಯ ಹೆಸರನ್ನು ಬಿಡಿಸಿ ಅದನ್ನೇ ಕೊನೆಯ ಹೆಸರಾಗಿ ಅಚ್ಚು ಮಾಡಿದ್ದವು. ಹೀಗಾಗಿ ಜೀವವೈದ್ಯಕೀಯ ಪ್ರಬಂಧಗಳ ಸೂಚಿಯಾದ ಪಬ್‌ಮೆಡ್‌ನಲ್ಲಿ ನನ್ನ ಕೆಲಸ ಬೇರೆ ಬೇರೆ ವ್ಯಕ್ತಿಗಳ ಕೆಲಸವೆಂಬಂತೆ ಹಂಚಿಹೋಗಿತ್ತು. ಪ್ರತಿ ಸಂಶೋಧಕರಿಗೂ ಪ್ರತ್ಯೇಕ ಗುರುತು ಕೊಡಲು 2012ರಲ್ಲಿ ಆರಂಭವಾದ ಆರ್ಕಿಡ್ (ORCID) ವ್ಯವಸ್ಥೆಯಲ್ಲಿ ನೋಂದಾಯಿಸಿ, ಅದು ಕೊಡುವ 16 ಅಂಕೆಗಳ ಗುರುತಿಗೆ ಪ್ರತಿ ಪ್ರಬಂಧವನ್ನೂ ಅದರ ಡಿಒಐ (ಪ್ರಬಂಧಕ್ಕೆ ಕೊಡುವ ಶಾಶ್ವತ ಡಿಜಿಟಲ್ ಗುರುತು) ಮೂಲಕ ಜೋಡಿಸಿದೆ.

ಎಣಿಕೆಯ ವಿಷಯದಲ್ಲಿ, ಉಲ್ಲೇಖಗಳನ್ನು ಲೆಕ್ಕಹಾಕುವ ತಾಣಗಳಾದ ಗೂಗಲ್ ಸ್ಕಾಲರ್, ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಒಂದೇ ಪ್ರಬಂಧಕ್ಕೆ ಬೇರೆ ಬೇರೆ ಸಂಖ್ಯೆ ಕೊಡುತ್ತವೆ. ಸ್ಕಾಲರ್ ಪಿಎಚ್‌ಡಿ ಪ್ರಬಂಧಗಳನ್ನೂ ಬಯೋಆರ್ಕೈವ್‌ನಂಥ ತಾಣಗಳ ಪ್ರಿಪ್ರಿಂಟ್‌ಗಳನ್ನೂ (ಜರ್ನಲ್‌ನ ಪರಿಶೀಲನೆಗೆ ಮುನ್ನವೇ ಹಂಚಿಕೊಂಡ ಪ್ರಬಂಧಗಳನ್ನೂ) ಸೇರಿಸಿಕೊಳ್ಳುವುದರಿಂದ ಅದರ ಸಂಖ್ಯೆ ಸಾಮಾನ್ಯವಾಗಿ ದೊಡ್ಡದಿರುತ್ತದೆ. ನಾನು ಒಂದೇ ಮೂಲವನ್ನು ಆರಿಸಿಕೊಂಡು, ನೋಡಿದ ದಿನಾಂಕವನ್ನು ನಮೂದಿಸಿ, ಸ್ವ-ಉಲ್ಲೇಖಗಳನ್ನು ಪ್ರತ್ಯೇಕ ಅಂಕಣದಲ್ಲಿ ತೋರಿಸಿದೆ. ಒಂದೇ ಪ್ರಶ್ನೆಯ ಬೆನ್ನುಹತ್ತಿ ವರ್ಷಗಟ್ಟಲೆ ದುಡಿಯುವವರು ತಮ್ಮ ಹಿಂದಿನ ಕೆಲಸವನ್ನು ಉಲ್ಲೇಖಿಸುವುದು ಸಹಜ, ಅದನ್ನು ಮರೆಮಾಡಬೇಕಾಗಿಲ್ಲ.

ಅರ್ಜಿ ಕೇಳಿದ್ದ ಎಚ್-ಸೂಚ್ಯಂಕವನ್ನೂ ಬರೆದೆ. ಭೌತವಿಜ್ಞಾನಿ ಹೊರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದ ಈ ಅಳತೆಯ ಪ್ರಕಾರ, ಸೂಚ್ಯಂಕ 15 ಎಂದರೆ ತಲಾ ಕನಿಷ್ಠ 15 ಉಲ್ಲೇಖ ಪಡೆದ 15 ಪ್ರಬಂಧಗಳಿವೆ ಎಂದರ್ಥ. ಆದರೆ ಒಬ್ಬರೇ ಬೆಂಚಿನ ಮುಂದೆ ನಿಂತು ಮಾಡಿದ ಕೆಲಸವನ್ನೂ ಇಪ್ಪತ್ತು ಜನರ ನಡುವೆ ಒಬ್ಬರಾಗಿ ಮಾಡಿದ ಕೆಲಸವನ್ನೂ ಅದು ಒಂದೇ ತೂಕದಲ್ಲಿ ಎಣಿಸುತ್ತದೆ. ಸಮಾನ ಕೊಡುಗೆಯನ್ನು ಸೂಚಿಸಲು ಹೆಸರಿನ ಮೇಲೆ ಹಾಕುವ ನಕ್ಷತ್ರದ ಗುರುತು ಈ ಲೆಕ್ಕಕ್ಕೆ ಬರುವುದೇ ಇಲ್ಲ.

ನಮ್ಮ ಕ್ಷೇತ್ರದಲ್ಲಿ ಹೆಚ್ಚು ಉಲ್ಲೇಖ ಪಡೆಯುವುದು ವಿಧಾನದ ಪ್ರಬಂಧಗಳು. ಪ್ರೋಟೀನ್ ಪ್ರಮಾಣವನ್ನು ಅಳೆಯುವ ಕ್ರಮವನ್ನು ವಿವರಿಸಿದ ಲೌರಿ ಮತ್ತು ಸಂಗಡಿಗರ 1951ರ ಪ್ರಬಂಧ ಮೂರು ಲಕ್ಷಕ್ಕೂ ಹೆಚ್ಚು ಬಾರಿ ಉಲ್ಲೇಖಗೊಂಡಿದೆ. ಡಿಎನ್‌ಎಯ ರಚನೆಯನ್ನು ತಿಳಿಸಿದ 1953ರ ವಾಟ್ಸನ್ ಮತ್ತು ಕ್ರಿಕ್‌ರ ಪ್ರಬಂಧ ಅದರ ಹತ್ತಿರಕ್ಕೂ ಬರುವುದಿಲ್ಲ. ನನ್ನ ಪಟ್ಟಿಯಲ್ಲೂ ಆರ್‌ಎನ್‌ಎ ಬೇರ್ಪಡಿಸುವ ಸಣ್ಣ ವಿಧಾನವೊಂದು ಮೊದಲ ಸ್ಥಾನದಲ್ಲಿತ್ತು. ಎಂಆರ್‌ಎನ್‌ಎಯ ತುದಿಯನ್ನು ಕಾಯುವ ಕ್ಯಾಪ್ ಎಂಬ ಭಾಗವನ್ನು ತೆಗೆಯುವ ಡಿಸಿಪಿ2 ಕಿಣ್ವವನ್ನು ಕುರಿತ, ನಾನು ಅತ್ಯಂತ ಮುಖ್ಯವೆಂದು ಭಾವಿಸುವ ಕೆಲಸ ಬಹಳ ಕೆಳಗಿತ್ತು.

ಆದ್ದರಿಂದ ಉಲ್ಲೇಖಿಸಿದ ಪ್ರಬಂಧಗಳನ್ನೇ ತೆರೆದು, ನಮ್ಮ ಹೆಸರು ಬಂದಿರುವ ವಾಕ್ಯಗಳನ್ನು ಓದತೊಡಗಿದೆ. ಇದಕ್ಕೆ ಬಹಳ ಸಮಯ ಹಿಡಿಯಿತು, ಆದರೆ ಇಡೀ ಕೆಲಸದಲ್ಲಿ ಅತ್ಯಂತ ಫಲ ಕೊಟ್ಟದ್ದೂ ಇದೇ. ಹಲವರು ಪೀಠಿಕೆಯಲ್ಲಿ ಇತರರ ಸಾಲಿನಲ್ಲಿ ನಮ್ಮನ್ನೂ ಹೆಸರಿಸಿ ಮುಂದೆ ಸಾಗಿದ್ದರು. ಕೆಲವರು ನಮ್ಮ ಯೀಸ್ಟ್ ತಳಿಗಳನ್ನು ತರಿಸಿಕೊಂಡು ಬಳಸಿದ್ದರು. ತೀರ ಕಡಿಮೆ ಜನ ನಮ್ಮ ಫಲಿತಾಂಶವನ್ನು ಮತ್ತೆ ಪರೀಕ್ಷಿಸಿದ್ದರು. ಈ ಕೊನೆಯವರಲ್ಲಿ ಒಂದು ಗುಂಪು, ಗ್ಲೂಕೋಸ್ ಇಲ್ಲದ ಮಾಧ್ಯಮದಲ್ಲಿ ನಮ್ಮ ತೀರ್ಮಾನ ಅನ್ವಯಿಸುವುದಿಲ್ಲವೆಂದು ತೋರಿಸಿತ್ತು. ಅರ್ಜಿಯೊಂದಿಗೆ ನನ್ನ ಕೆಲಸದ ಬಗ್ಗೆ ಬರೆದ ನಿವೇದನೆಯಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟೆ, ಏಕೆಂದರೆ ನಮ್ಮ ಕೆಲಸದ ಎಲ್ಲೆ ಎಲ್ಲಿದೆಯೆಂಬುದು ಅದರಿಂದಲೇ ತಿಳಿದದ್ದು.

ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನು ಅರ್ಜಿಯ ಅಂಕಣದಲ್ಲಿ ತುಂಬಿದರೂ ನಿವೇದನೆಯಲ್ಲಿ ಬಳಸಲಿಲ್ಲ. ಅದು ಜರ್ನಲ್‌ನ ಪ್ರಬಂಧಗಳಿಗೆ ದೊರೆತ ಉಲ್ಲೇಖಗಳ ಸರಾಸರಿ. ಕೆಲವೇ ಪ್ರಬಂಧಗಳು ಆ ಸರಾಸರಿಯನ್ನು ಮೇಲಕ್ಕೆತ್ತುತ್ತವೆ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೂಪುಗೊಂಡ, ಸಂಶೋಧನೆಯ ಮೌಲ್ಯಮಾಪನವನ್ನು ಕುರಿತ ಡೋರಾ (DORA) ಘೋಷಣೆ ಕೂಡ, ವ್ಯಕ್ತಿಯ ನೇಮಕಾತಿ ಅಥವಾ ಬಡ್ತಿಗೆ ಅದನ್ನು ಆಧಾರವಾಗಿಸಬಾರದೆಂದೇ ಹೇಳುತ್ತದೆ.

ಈಗ ನಮ್ಮ ಪ್ರಯೋಗಾಲಯಕ್ಕೆ ಹೊಸ ವಿದ್ಯಾರ್ಥಿ ಬಂದಾಗ, ಮೊದಲ ಪ್ರಬಂಧ ಕಳುಹಿಸುವ ಮುನ್ನವೇ ಹೆಸರಿನ ರೂಪವನ್ನು ನಿಶ್ಚಯಿಸಿ ಆರ್ಕಿಡ್ ಗುರುತು ಪಡೆಯಲು ತಿಳಿಸುತ್ತೇನೆ. ತಳಿ ಕಟ್ಟಿದವರು ಯಾರು, ಆರ್‌ಎನ್‌ಎ ಪತ್ತೆಹಚ್ಚುವ ನಾರ್ದರ್ನ್ ಬ್ಲಾಟ್ ಪ್ರಯೋಗ ಮಾಡಿದವರು ಯಾರು, ವಿಶ್ಲೇಷಣೆ ಯಾರದು ಎಂಬುದನ್ನು ಹಸ್ತಪ್ರತಿ ಸಿದ್ಧವಾಗುವ ಹೊತ್ತಿನಲ್ಲೇ ಎಲ್ಲರೂ ಕೂತು ಬರೆದಿಡುತ್ತೇವೆ.