ಬಾರ್‌ಗೆ ದುಡ್ಡು ಹಾಕುವ ಮುಂಚೆ ಬಿಯರ್ ಬಾಟ್ಲಿಯ ಲೆಕ್ಕ ಬಿಡಿಸಿ ನೋಡಿ

ಮಡಿಕೇರಿ, ಕುಶಾಲನಗರದ ವೀಕೆಂಡ್ ರಶ್ ನೋಡಿದವರಿಗೆ ಒಂದು ಬಾರ್‌ನಲ್ಲಿ ಪಾಲು ತಗೊಂಡರೆ ಸಾಕು, ದುಡ್ಡೇ ದುಡ್ಡು ಅನ್ನಿಸುತ್ತದೆ. ಇರಬಹುದು. ಅದಕ್ಕೂ ಮೊದಲು ಒಂದು 650 ಎಂಎಲ್ ಬಾಟ್ಲಿಯ ಎಂಆರ್‌ಪಿ ಯಾರ್ಯಾರ ಜೇಬಿಗೆ ಹೋಗುತ್ತದೆ ಅಂತ ಬಿಡಿಸಿ ನೋಡಿ.

ಕರ್ನಾಟಕದಲ್ಲಿ ಬಿಯರ್ ಕಂಪನಿ ಅಂಗಡಿಗೆ ನೇರವಾಗಿ ಮಾರುವ ಹಾಗಿಲ್ಲ. 2003ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಪಾನೀಯ ನಿಗಮವೇ ನಡುವಿನ ಹೋಲ್‌ಸೇಲ್. ಕಂಪನಿ ತನ್ನ ಬೆಲೆ ಘೋಷಿಸುತ್ತದೆ, ಅದಕ್ಕೆ ಅಬಕಾರಿ ಸುಂಕ, ಹೆಚ್ಚುವರಿ ಅಬಕಾರಿ ಸುಂಕ, ನಿಗಮದ ಪಾಲು, ಕೊನೆಗೆ ಅಂಗಡಿಯ ಮಾರ್ಜಿನ್ ಸೇರಿ ಎಂಆರ್‌ಪಿ ಆಗುತ್ತದೆ. ಸೋಪು, ಬಿಸ್ಕೆಟಿನ ಏಜೆಂಟ್ ಹತ್ತಿರ ಚೌಕಾಸಿ ಮಾಡಿದ ಹಾಗೆ ಇಲ್ಲಿ ನಡೆಯುವುದಿಲ್ಲ. ಮೊದಲು ದುಡ್ಡು ಕಟ್ಟಬೇಕು, ಆಮೇಲೆ ಮಾಲು ಎತ್ತಬೇಕು. ಸಾಲದ ಮಾತೇ ಇಲ್ಲ.

ಬೆಲೆ ಏರುವಾಗ ಎಲ್ಲರೂ ಕಂಪನಿಯನ್ನೇ ಬೈಯುತ್ತಾರೆ, ಅಲ್ವಾ? 2023ರ ಜುಲೈನಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಸುಂಕ 175ರಿಂದ 185 ಪರ್ಸೆಂಟ್‌ಗೆ ಏರಿತು. ಆಮೇಲೂ ದರ ಬದಲಾಗಿದೆ, ಹಾಗಾಗಿ ಲೆಕ್ಕ ಹಾಕುವ ದಿನ ಚಾಲ್ತಿಯಲ್ಲಿರುವ ಅಧಿಸೂಚನೆಯನ್ನೇ ನೋಡಿ. ಸುಮ್ನೆ ಲೆಕ್ಕಕ್ಕೆ ಕಂಪನಿಯ ಬೆಲೆ ಬಾಟ್ಲಿಗೆ 40 ರೂಪಾಯಿ ಅಂದುಕೊಳ್ಳಿ. 185 ಪರ್ಸೆಂಟ್ ಸೇರಿದರೆ 114. ಕಂಪನಿ 5 ರೂಪಾಯಿ ಏರಿಸಿದರೆ ಅದೇ 128 ದಾಟುತ್ತದೆ. ಐದು ಏರಿದ್ದು ಹದಿನಾಲ್ಕಾಯಿತು, ಮಿಕ್ಕವರ ಪಾಲು ಇನ್ನೂ ಸೇರಿಲ್ಲ.

ಈಗ ನಿಮ್ಮ ಪಾಲಿಗೆ ಬನ್ನಿ. ಇದೂ ಉದಾಹರಣೆಯೇ: ಬಾಟ್ಲಿ ನಿಮಗೆ 160ಕ್ಕೆ ಬಿತ್ತು, ಎಂಆರ್‌ಪಿ 176. ಕೊಂಡ ಬೆಲೆಯ ಮೇಲೆ ನೋಡಿದರೆ 10 ಪರ್ಸೆಂಟ್, ಮಾರಿದ ಬೆಲೆಯ ಮೇಲೆ ನೋಡಿದರೆ 9 ಚಿಲ್ಲರೆ. ಪಾಲುದಾರರು ಯಾವ ಪರ್ಸೆಂಟ್ ಹೇಳುತ್ತಿದ್ದಾರೆ ಅಂತ ಮೊದಲೇ ಕೇಳಿಬಿಡಿ, ಆಮೇಲೆ ಜಗಳ ಬೇಡ. ನನ್ನ ಪ್ರಕಾರ ಪರ್ಸೆಂಟ್ ಬಿಟ್ಟು ಕೇಸಿನ ಲೆಕ್ಕವೇ ಸರಿ. ಕೇಸಿಗೆ 12 ಬಾಟ್ಲಿ, ಕೊಂಡದ್ದು 1,920, ಎಲ್ಲಾ ಮಾರಿದರೆ 2,112, ಉಳಿಯುವುದು 192. ಘಾಟಿ ರಸ್ತೆಯ ತಿರುವಿನಲ್ಲಿ ಒಂದೇ ಒಂದು ಬಾಟ್ಲಿ ಒಡೆಯಿತು ಅನ್ನಿ: ಹನ್ನೊಂದು ಮಾರಿ ಬರುವುದು 1,936. ಇಡೀ ಕೇಸಿಗೆ ಉಳಿದದ್ದು 16 ರೂಪಾಯಿ! ಲೋಡಿಂಗ್ ಹುಡುಗರ ಕೈಗೆ ನಾಲ್ಕು ಕಾಸು ಜಾಸ್ತಿ ಕೊಟ್ಟು ನಿಧಾನಕ್ಕೆ ಇಳಿಸಿ ಅನ್ನುವುದೇ ಲಾಭ.

ಇದು ಸಿಎಲ್-2 ಲೈಸೆನ್ಸಿನ, ಅಂದರೆ ವೈನ್ ಶಾಪ್ ಕಥೆ. ಅಲ್ಲಿ ಎಂಆರ್‌ಪಿ ಮೇಲೆ ಒಂದು ರೂಪಾಯಿಯೂ ತಗೊಳ್ಳುವ ಹಾಗಿಲ್ಲ. ಸಿಎಲ್-9 ಬಾರ್ ಅಂಡ್ ರೆಸ್ಟೋರೆಂಟ್‌ನಲ್ಲಿ ಅದೇ ಬಾಟ್ಲಿ 230ಕ್ಕೆ ಹೋದರೆ 70 ಉಳಿಯುತ್ತದೆ, ಆದರೆ ಅಡುಗೆಯವರು, ಸಪ್ಲೈಯರ್, ಬಾಡಿಗೆ, ಕರೆಂಟು ಎಲ್ಲಾ ಅದರಲ್ಲೇ ಆಗಬೇಕು. ಇನ್ನೊಂದು ವಿಷಯ, ಕುಡಿಯುವವರಿಗೂ ಗೊತ್ತಿರಲಿ: ಬಿಯರ್‌ಗೆ ಜಿಎಸ್‌ಟಿ ಇಲ್ಲ. ಊಟಕ್ಕೆ ಹಾಕಿದ ಜಿಎಸ್‌ಟಿ ಬಿಯರ್ ಸಾಲಿನ ಮೇಲೂ ಕೂತಿದ್ದರೆ ಬಿಲ್ ವಾಪಸ್ ಕೊಟ್ಟು ಸರಿ ಮಾಡಿಸಿ.

ಕೊಡಗಿನ ನಿಜವಾದ ತಲೆನೋವು ಮಳೆ. ಅಬಕಾರಿ ಲೈಸೆನ್ಸ್ ವರ್ಷ ಜುಲೈ 1ಕ್ಕೆ ಶುರು, ಅಂದರೆ ಪ್ರವಾಸಿಗಳು ಇಳಿದುಹೋಗಿ ಗಿರಾಕಿ ಇಲ್ಲದ ಹೊತ್ತಿಗೇ ನವೀಕರಣದ ಶುಲ್ಕ ಕಟ್ಟಬೇಕು. ಆ ಚಳಿಗೆ ಊರವರು ಬ್ರಾಂದಿ, ರಮ್ ಕೇಳುತ್ತಾರೆಯೇ ಹೊರತು ತಣ್ಣಗಿನ ಬಿಯರ್ ಅಲ್ಲ. ಮರ ಬಿದ್ದು ಕರೆಂಟು ಹೋದರೆ ಫ್ರಿಜ್‌ಗೆ ಜನರೇಟರ್ ಡೀಸೆಲ್ ಬೇರೆ. ಬಿಯರ್ ವರ್ಷಗಟ್ಟಲೆ ಇಡುವ ಮಾಲಲ್ಲ, ಬಾಟ್ಲಿ ಮೇಲೆ ತಾರೀಕು ಇರುತ್ತದೆ. ಮೇ ತಿಂಗಳ ರಶ್ ನೋಡಿ ಗೋಡೌನ್ ತುಂಬಿಸಬೇಡಿ.

ಪಾಲು ಕೊಡುವವರು ಡಿಸೆಂಬರ್‌ನ ಸೇಲ್ಸ್ ತೋರಿಸುತ್ತಾರೆ. ನೀವು ಜುಲೈ, ಆಗಸ್ಟ್‌ನ ಸ್ಟಾಕ್ ರಿಜಿಸ್ಟರ್ ಕೇಳಿ.