ಬೆಳಗಿನ ಪ್ರಾರ್ಥನೆ ಬರೀ ಬೇಡಿಕೆ ಪಟ್ಟಿ ಆಗಿದ್ದರೆ

ಕಣ್ಣು ಮುಚ್ಚಬೇಡಿ. ಮಾಳಿಗೆ ಹತ್ತಿ ಬೈಬಲಿನ 148ನೇ ಕೀರ್ತನೆ ತೆರೆಯಿರಿ. ಅದರಲ್ಲಿ ಹೇಳಿರುವ ಒಂದೊಂದನ್ನೂ ಎದುರಿಗೆ ಹುಡುಕಿ, ಸಿಕ್ಕಿದ್ದಕ್ಕೆಲ್ಲ ಸ್ತೋತ್ರ ಹೇಳಿ. ಬೇಡಿಕೆ ಆಮೇಲೆ. ಇರೋದು 14 ವಚನ ಅಷ್ಟೇ: ಸೂರ್ಯ, ಗಾಳಿ, ಮರ, ದನಕರು, ಹಕ್ಕಿ, ಮುದುಕರು. ನಮ್ಮ ಬೀದರಿನ ಓಣಿಯಲ್ಲೇ ಜಾಸ್ತಿ ಸಿಗುತ್ತವೆ: ಬೇವಿನ ಮರದಲ್ಲಿ ಗಿಳಿ, ಕಟ್ಟೆ ಮೇಲೆ ಕೂತು ಚಹಾ ಊದಿ ಕುಡಿಯುವ ಅಜ್ಜ. (ಕೀರ್ತನೆಯಲ್ಲಿರುವ ಸಮುದ್ರ, ಹಿಮ ಇಲ್ಲಿ ಹುಡುಕಬೇಡಿ!) ಕಣ್ಣಿಗೆ ಕೆಲಸ ಸಿಕ್ಕರೆ ಮನಸ್ಸು ಅಲೆಯೋದು ಕಮ್ಮಿ. ದಿನಾ ನೋಡುವ ಗಿಳಿಯೇ ಹೊಸದಾಗಿ ಕಾಣುತ್ತದೆ, ಖುಷಿ ತಾನೇ ಬರುತ್ತದೆ. ಮನೆಯಲ್ಲಿ ಸಾವು, ಕಾಯಿಲೆ ಇದ್ದಾಗ ಇದು ನಡೆಯಲ್ಲ. ಸುಮ್ನೆ ಖುಷಿ ತಂದುಕೊಳ್ಳೋಕೆ ಹೋಗಬೇಡಿ, ಆಗ ದುಃಖದಲ್ಲಿ ದೇವರಿಗೆ ಮೊರೆಯಿಡುವ 13ನೇ ಕೀರ್ತನೆ ಓದಿ. ಮೇ ತಿಂಗಳಲ್ಲಂತೂ ಹೊತ್ತು ಮೂಡುವಾಗಲೇ ಹತ್ತಿ, ತಡವಾದರೆ ಮಾಳಿಗೆ ಕಾದಿರುತ್ತದೆ.